ತೌಡಿಗೆ ಕೊಟ್ಟ ಕೂಸು

ಹೊಳಲ್ಕೆರೆಯ ನಮ್ಮ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಪಕ್ಕದಲ್ಲೇ ಭತ್ತವನ್ನು ಅಕ್ಕಿ ಮಾಡುವ ಮಿಷನ್ನು. ಮೊನ್ನೆ ರಾಗಿ ಬೀಸಿಸಲು ಹೋಗಿ ಸಾಲಿನಲ್ಲಿ ನಿಂತಿದ್ದೆ. ಮಿಷನ್ನಿನ ಬಾಯಿಂದ ಬಿಸಿ ಬಿಸಿ ತೌಡು ಬೀಳುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶುರುವಾಯಿತು ನೋಡಿ... ನಮ್ಮ ಆಯಮ್ಮ ಸತ್ತು ವರ್ಷ ತುಂಬುತ್ತಾ ಬಂತು. ಬದುಕಿದ್ದಾಗ ನನ್ನ ತಲೆ ತಿಂದಿದ್ದು ಸಾಲದು ಅಂತ ಈಗಲೂ ಬಿಡುತ್ತಿಲ್ಲ.

ಚಿತ್ರದುರ್ಗದಲ್ಲಿ ದಿಕ್ಕಿಲ್ಲದ ಕೂಸುಗಳನ್ನು ಸಾಕುವ ಒಂದು ಸಣ್ಣ ಶಿಶುಗೃಹಕ್ಕೆ ನಾನು ಮೇಲ್ವಿಚಾರಕಿಯಾಗಿದ್ದೆ. ಆಯಮ್ಮ ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವವಳು. ಹಿರೇಗುಂಟನೂರಿನ ಕುರಿ ಸಾಕುವ ಮನೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ನನಗಂತೂ ನೆನಪಿಲ್ಲ. ರಜೆ ಬೇಕಾದರೆ ಅರ್ಜಿ ಕೊಡು ಅಂದರೆ, ಹೋಗಿ ಬಂದ ಮೇಲೆ "ಊರಿಗೆ ಹೋಗಿದ್ದೆ" ಅನ್ನುವಳು. ಕೂಸುಗಳ ಸ್ನಾನಕ್ಕೆಂದು ಯಾರೋ ಪುಣ್ಯಾತ್ಮರು ನೀಲಿ ಪ್ಲಾಸ್ಟಿಕ್ ಟಬ್ಬು ಕೊಟ್ಟಿದ್ದರು. ಅದರಲ್ಲಿ ಮಣ್ಣು ತುಂಬಿ ಮೆಂತ್ಯ ಸೊಪ್ಪು ಬೆಳೆದಳು. ತಾನು ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡೇ ನೀರು ಹಾಕುವಳು. ಹೊಸ ಕೂಸು ಬಂದರೆ, ಕುರಿಮರಿಯನ್ನು ನೋಡುವ ಹಾಗೆ ಮೊದಲು ಬಾಯಿಗೆ ಬೆರಳಿಟ್ಟು ಚೀಪುತ್ತದೋ ಇಲ್ಲವೋ ನೋಡುವಳು. ಕೈ ತೊಳೆದೆಯಾ ಅಂತ ಕೂಗಿ ಕೂಗಿ ನನ್ನ ಗಂಟಲು ಹರಿದಿತ್ತು.

ಆ ಕೂಸು ಬಂದದ್ದು ಹಿರಿಯೂರಿನ ಕಡೆಯಿಂದ. ಈರುಳ್ಳಿ ಕೀಳಲು ಎಲ್ಲಿಂದಲೋ ಬಂದಿದ್ದ ಹೆಂಗಸು ಬಬ್ಬೂರಿನ ಹತ್ತಿರ ಹೊಲದ ಗುಡಿಸಲಲ್ಲೇ ಹೆತ್ತು ತೀರಿಕೊಂಡಿದ್ದಳು. ಗಂಡ ಯಾರು, ಊರು ಯಾವುದು, ಜೊತೆಗೆ ಕೂಲಿಗೆ ಬಂದವರಿಗೂ ಗೊತ್ತಿರಲಿಲ್ಲ. ಅವರೇ ಕೂಸನ್ನು ಆಸ್ಪತ್ರೆಗೆ ಸೇರಿಸಿದ್ದರು. ಯಾರೂ ಹುಡುಕಿಕೊಂಡು ಬರಲಿಲ್ಲ. ಕೊನೆಗೆ ನಮಗೆ ಹೇಳಿಕಳಿಸಿದರು. ಹೆಣ್ಣು ಕೂಸು, ಎರಡು ಕೇಜಿಯೂ ಇರಲಿಲ್ಲ. ಕರೆತರಲು ನಾನು ಹೊಸ ಟವೆಲ್ಲು, ಟೋಪಿ, ಕಾಲುಚೀಲ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಆಯಮ್ಮ ಜೀಪು ಹತ್ತಿದವಳೇ ಅದರ ಬಟ್ಟೆ ಬಿಚ್ಚಿ, ಸೆರಗಿನೊಳಗೆ ತನ್ನ ಎದೆಗೆ ಅವುಚಿಕೊಂಡು ಕೂತಳು. ದಾರಿಯುದ್ದಕ್ಕೂ ಬೈದೆ. ದುರ್ಗಕ್ಕೆ ಬಂದು ಡಾಕ್ಟರಿಗೆ ತೋರಿಸಿದರೆ, ಇಷ್ಟು ಸಣ್ಣ ಕೂಸಿಗೆ ಮೈಗೆ ಮೈ ತಾಗಿಸಿ ಕಾವು ಕೊಡುವುದೇ ಸರಿ, ಹೀಗೇ ಮಾಡಿ ಅಂದರು. ಆಯಮ್ಮ ನನ್ನ ಮುಖ ನೋಡಲಿಲ್ಲ. ನೋಡಿ ನಕ್ಕಿದ್ದರೂ ಆಗುತ್ತಿತ್ತು. ಬೇಕೆಂದೇ ನೋಡದೆ ಇದ್ದಳಲ್ಲ, ಅದಕ್ಕೇ ನನಗೆ ಮೈ ಉರಿದದ್ದು.

ಕೂಸು ಹಾಲು ಕುಡಿಯಲಿಲ್ಲ. ಎರಡು ಗುಟುಕು ಎಳೆದು ಸುಸ್ತಾಗಿ ಕಣ್ಣು ಮುಚ್ಚುತ್ತಿತ್ತು. ದಿನಾ ತೂಕ ಹಾಕಿದರೆ ದಿನಾ ಇಳಿತ. ಇನ್ನೊಂದು ನಾಲ್ಕು ದಿನ ನೋಡೋಣ ಅಂದ ಡಾಕ್ಟರ ದನಿಯಲ್ಲಿ ಗಟ್ಟಿತನ ಇರಲಿಲ್ಲ. ನನಗೆ ಅಳು ಬರುತ್ತಿತ್ತು. ಕೂತು ಅಳುವುದಕ್ಕೆ ಪುರುಸೊತ್ತು ಬೇಕಲ್ಲ.

ಮಾರನೆಯ ಬೆಳಿಗ್ಗೆ ಆಯಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಮೊರ, ಮೊರದಲ್ಲಿ ಕೂಸು. ಅವರ ಕಡೆ ಕೂಸು ಉಳಿಯುವುದು ಅನುಮಾನವಾದರೆ, ತಾಯಿಯ ಕೈಯಿಂದ ಇನ್ನೊಬ್ಬಳು ಅದನ್ನು ಒಂದು ಮುಷ್ಟಿ ತೌಡಿಗೆ ಕೊಂಡುಕೊಳ್ಳುತ್ತಾಳಂತೆ. ತೌಡಿಗೆ ಮಾರಿದ ಕೂಸು ಸಾವಿಗೂ ಬೇಡವಾಗುತ್ತದಂತೆ. ಇದಕ್ಕೆ ತಾಯಿ ಇಲ್ಲ, ರಿಜಿಸ್ಟರಿನಲ್ಲಿ ಬರೆದುಕೊಂಡವರು ನೀವು, ಹಾಗಾಗಿ ನೀವೇ ಕೊಡಬೇಕು ಅಂತ ಅವಳ ವಾದ. ನಾನು ಮೇಲಿನವರಿಗೆ ಕಳಿಸಬೇಕಾದ ವರದಿಯನ್ನು ಅರ್ಧ ಬರೆದಿದ್ದೆ. ಫೋನು ಬೇರೆ ಹೊಡೆದುಕೊಳ್ಳುತ್ತಿತ್ತು. ಮಡಿಲಿನಿಂದ ಒಂದು ಮುಷ್ಟಿ ತೌಡು ತೆಗೆದವಳು ಸೀದಾ ಆ ವರದಿಯ ಮೇಲೇ ಸುರಿದಳು.

"ಕೊಟ್ಟೆ ಅನ್ರಿ ಮೇಡಂ."

"ಕೊಟ್ಟೆ ಮಾರಾಯ್ತಿ, ತಗೊಂಡು ಹೋಗು ಮೊದಲು."

ಪೀಡೆ ತೊಲಗಿದರೆ ಸಾಕು ಅಂತ ಅಂದದ್ದು. ಅವಳು ಬಿಡದೆ ಮೂರು ಸಲ ಅನ್ನಿಸಿಕೊಂಡು ಹೋದಳು. ವರದಿಯನ್ನು ಮತ್ತೆ ಮೊದಲಿಂದ ಬರೆದೆ.

ಅದೇ ವಾರ ಡಾಕ್ಟರು ಬಾಟಲಿ ಬಿಡಿಸಿ ಚಮಚದಲ್ಲಿ ಹಾಲು ಹಾಕಲು ಹೇಳಿದ್ದರು. ಕೂಸು ಕುಡಿಯತೊಡಗಿತು. ಚಮಚದಿಂದ ಅಂತ ನಾನು, ತೌಡಿನಿಂದ ಅಂತ ಅವಳು. ಗಂಟೆಗೊಮ್ಮೆ ಆ ಚಮಚ ಹಿಡಿದ ಕೈ ಅವಳದೇ ಆಗಿತ್ತು, ಅದನ್ನು ನಾವಿಬ್ಬರೂ ಹೇಳಲಿಲ್ಲ. ರಿಜಿಸ್ಟರಿಗೆಂದು ನಾನು ಹುಡುಕಿ ಹುಡುಕಿ ಒಂದು ಚಂದದ ಹೆಸರು ಇಟ್ಟೆ. ಇವಳು ತೌಡಮ್ಮ ಅಂತ ಕರೆದಳು. ಅಡುಗೆಯವಳಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅದು ತೌಡಮ್ಮನೇ ಆಯಿತು. ಕೊನೆಗೆ ನನ್ನ ಬಾಯಲ್ಲೂ...

ಮಕ್ಕಳ ಕಲ್ಯಾಣ ಸಮಿತಿಯವರು ತಪಾಸಣೆಗೆ ಬಂದ ದಿನವನ್ನು ನೆನೆದರೆ ಈಗಲೂ ಬೆವರುತ್ತೇನೆ. ಬಂದಿದ್ದ ಹೆಂಗಸು ವಕೀಲೆ, ಬಲು ಬಿಗಿ. ತೊಟ್ಟಿಲಿನ ಹತ್ತಿರ ನಿಂತು ಈ ಮಗು ಯಾವುದು ಅಂತ ಕೇಳಿದರು. ನಾನು ಫೈಲು ತೆರೆಯುವಷ್ಟರಲ್ಲಿ ಆಯಮ್ಮ ಬಾಯಿ ತೆರೆದಿದ್ದಳು.

"ಇದು ನಂದೇ ಅಮ್ಮಾರೆ. ಮೇಡಂ ಕೈಲಿ ಕೊಂಡ್ಕಂಡೀನಿ."

ಮಕ್ಕಳನ್ನು ಮಾರುವುದನ್ನು ತಡೆಯಲೆಂದೇ ಇರುವ ಜನದ ಮುಂದೆ ಹೇಳುವ ಮಾತೇ ಅದು? ಮಧ್ಯಾಹ್ನದವರೆಗೆ ವಿವರಿಸಿದೆ. ಆಕೆ ನಗಲಿಲ್ಲ. ಬರೆದು ಕೊಡಿ ಅಂದರು. ತೌಡಿನ ಬಗ್ಗೆ ಮೂರು ಪುಟ ಬರೆದು ಸಹಿ ಹಾಕಿದೆ. ಇನ್ನೊಮ್ಮೆ ಇಂಥ ಮಾತು ಕಿವಿಗೆ ಬಿದ್ದರೆ ಈ ಮಗುವಿನ ದತ್ತು ನಿಲ್ಲುತ್ತದೆ, ನಿಮ್ಮ ಪರವಾನಗಿಯೂ ಹೋಗುತ್ತದೆ ಅಂದು ಹೊರಟರು. ಅಷ್ಟು ಹೊತ್ತೂ ಆಯಮ್ಮ ಕೂಸಿನ ಉಗುರು ಕತ್ತರಿಸುತ್ತಿದ್ದಳು.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ದತ್ತು ತೆಗೆದುಕೊಳ್ಳುವ ದಂಪತಿ ಗೊತ್ತಾದರು. ದೂರದ ಊರಿನವರು, ಒಳ್ಳೆಯ ಜನ. ಆಯಮ್ಮನ ಹೊಸ ರಗಳೆ ಶುರುವಾಯಿತು. ಕೊಂಡ ಕೂಸನ್ನು ಸುಮ್ಮನೆ ಕಳಿಸುವಂತಿಲ್ಲವಂತೆ. ಮಾರಿದವರು ಮೊರದಲ್ಲಿ ರಾಗಿ ತಂದುಕೊಟ್ಟು, ಕೊಂಡವಳ ಕೈಯಿಂದಲೇ ಬಿಡಿಸಿಕೊಳ್ಳಬೇಕಂತೆ. ದಿನಕ್ಕೆ ನಾಲ್ಕು ಸಲ ಹೇಳಿದಳು.

"ಬಿಡಿಸ್ಕಳ್ದೆ ಕಳಿಸ್ಬ್ಯಾಡ್ರಿ ಮೇಡಂ. ಕೂಸಿಗೆ ಒಳ್ಳೇದಲ್ಲ."

ಆಯಿತು ಆಯಿತು ಅಂದೆ. ಅಂದೆ ಅಷ್ಟೇ. ಕೂಸನ್ನು ಒಪ್ಪಿಸುವುದು ಯಾವತ್ತೆಂದು ಅವಳಿಗೆ ತಿಳಿಸಲಿಲ್ಲ. ಆ ದಿನ ಸಮಿತಿಯವರೂ ಬರುವವರಿದ್ದರು. ಅವರೆದುರು ಮೊರ, ರಾಗಿ, ಮಾರಿದ್ದು, ಬಿಡಿಸಿಕೊಂಡದ್ದು... ಪರವಾನಗಿ ಹೋದ ಹಾಗೇ. ಬೆಳಿಗ್ಗೆ ಎಂಟಕ್ಕೇ ಇನ್ನೊಂದು ಕೂಸನ್ನು ಕೊಟ್ಟು, ಚುಚ್ಚುಮದ್ದು ಹಾಕಿಸಿಕೊಂಡು ಬಾ ಅಂತ ಅವಳನ್ನು ಆಸ್ಪತ್ರೆಗೆ ಕಳಿಸಿದೆ. ಸೋಮವಾರ ಅಲ್ಲಿ ಸಾಲು ಎಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿತ್ತು. ತೌಡಮ್ಮ ಹೊಸ ಫ್ರಾಕು ತೊಟ್ಟು ಮಲಗಿದ್ದಳು. ಆಯಮ್ಮ ಹೋಗುವಾಗ ಅವಳನ್ನು ಮುಟ್ಟಲಿಲ್ಲ, ನಿದ್ದೆ ಕೆಡುತ್ತದೆ ಅಂತ.

ಮಧ್ಯಾಹ್ನ ಎರಡಕ್ಕೆ ಬಂದಳು. ತೊಟ್ಟಿಲು ನೋಡಿದಳು. ಕೂಗಾಡುತ್ತಾಳೆ ಅಂತ ನಾನು ಉತ್ತರ ಜೋಡಿಸಿಕೊಂಡು ಕೂತಿದ್ದೆ.

"ಹೋಯ್ತಾ?" ಅಂದಳು. ಹೂಂ ಅಂದೆ. "ನೀವು ಬಿಡಿಸ್ಕಳ್ಳಿಲ್ಲ ಮೇಡಂ" ಅಂದಳು. ಆಮೇಲೆ ಚುಚ್ಚುಮದ್ದು ಹಾಕಿಸಿಕೊಂಡು ಅಳುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಅವಳ ಮಂಚದ ಕೆಳಗೆ ಮೊರ ಇತ್ತು, ಅದರಲ್ಲಿ ಕೇರಿ ಹಸನು ಮಾಡಿದ ರಾಗಿ. ನಾನು ತರುವುದಿಲ್ಲ ಅಂತ ಗೊತ್ತಿದ್ದು ನನ್ನ ಪಾಲಿನದನ್ನೂ ಅವಳೇ ತಂದಿಟ್ಟಿದ್ದಳು. ಒಂದು ಮಾತು ಬೈದಿದ್ದರೆ ಏನು ಗಂಟು ಹೋಗುತ್ತಿತ್ತು ಅವಳದು? ಬೈಯಲಿಲ್ಲ. ಮೆಂತ್ಯಕ್ಕೆ ನೀರು ಹಾಕಿದಳು.

ಆ ರಾಗಿ ನನ್ನನ್ನು ಬಿಡಲಿಲ್ಲ. ವರ್ಷಗಳ ನಂತರ, ನಾನೂ ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ಅವಳಿಗೆ ಮೈ ಸರಿಯಿಲ್ಲ ಅಂತ ಸುದ್ದಿ ಬಂತು. ಎರಡು ಸೇರು ರಾಗಿ ಕಟ್ಟಿಕೊಂಡು ಹಿರೇಗುಂಟನೂರಿಗೆ ಹೋದೆ. ಮೂರು ಪುಟ ಬರೆದು ಇದೆಲ್ಲ ಮೂಢನಂಬಿಕೆ ಅಂತ ಸಹಿ ಹಾಕಿದವಳು ನಾನೇ, ಬಸ್ಸಿನಲ್ಲಿ ರಾಗಿ ಗಂಟು ತೊಡೆಯ ಮೇಲಿಟ್ಟುಕೊಂಡು ಹೊರಟವಳೂ ನಾನೇ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಬಿಡಿಸಿಕೊಳ್ಳಲು ಬಂದಿದ್ದೇನೆ ಅಂದೆ. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ಈಗ ಯಾಕ್ರಿ? ಇರ್ಲಿ ಬಿಡ್ರಿ, ನಂದಾಗೇ ಇರ್ಲಿ."

ನನಗೆ ರೇಗಿತು. ಇಷ್ಟು ವರ್ಷ ನಾನು ಅನುಭವಿಸಿದ್ದು ಇವಳಿಗೇನು ಗೊತ್ತು? "ಕೂಸಿಗೆ ಒಳ್ಳೇದಲ್ಲ ಅಂದವಳು ನೀನೇ ಅಲ್ಲವಾ ಆಯಮ್ಮ?" ಅಂದೆ.

"ಅದು ನಿಮ್ಮನ್ನ ಹೆದರ್ಸಾಕೆ ಅಂದಿದ್ದು ಮೇಡಂ. ಬಿಡಿಸ್ಕಳಾಕೆ ಬಂದ್ರೆ ನನ್ ಕೈಲೇ ಎತ್ತಿ ಕೊಡ್ಬೇಕಿತ್ತಲ್ಲ... ಕೊನೇ ಸಲ ಒಂದೀಟು ಎತ್ಕಬೌದು ಅಂತ."

ರಾಗಿ ಗಂಟನ್ನು ಅವಳ ಪಕ್ಕದಲ್ಲಿಟ್ಟೆ. ಅವಳು ಸೊಸೆಯನ್ನು ಕೂಗಿ, ಆ ರಾಗಿಯನ್ನೇ ಬೀಸಿಸಿಕೊಂಡು ಬರಲು ಹೇಳಿ, ಅದೇ ಹಿಟ್ಟಿನ ಮುದ್ದೆ ಮಾಡಿಸಿ ನನಗೇ ಉಣ್ಣಿಸಿ ಕಳಿಸಿದಳು. ಬೇಡ ಅಂದರೆ ಕೇಳುವ ಪೈಕಿಯೇ ಅದು?

ಮುಂದಿನ ತಿಂಗಳು ಮತ್ತೆ ಹೋಗಬೇಕು ಅಂದುಕೊಂಡೆ. ಏನೇನೋ ಆಗಿ ಹೋಗಲಾಗಲಿಲ್ಲ. ಸುದ್ದಿ ತಿಳಿದು ಓಡುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮಕ್ಕಳು ಎಷ್ಟು ಅಂತ ಯಾರಾದರೂ ಕೇಳಿದರೆ ಅತ್ತೆ ನಾಲ್ಕು ಅನ್ನುತ್ತಿದ್ದಳು, ನಮಗೆ ಗೊತ್ತಿರುವುದು ಮೂರೇ ಅಂತ ಸೊಸೆ ಹೇಳಿದಳು. ನಾಲ್ಕು ಸರಿ ಅಂದೆ.

ಮೊನ್ನೆ ಗಿರಣಿಯವನು ನಾನು ತೌಡನ್ನೇ ನೋಡುತ್ತ ನಿಂತದ್ದನ್ನು ಕಂಡು, ಹಸುವಿಗೆ ಬೇಕಾ ಮೇಡಂ ಅಂದ. ನಮ್ಮ ಮನೆಯಲ್ಲಿ ಹಸು ಇಲ್ಲ. ಆದರೂ ಕಟ್ಟು ಅಂದೆ. ಆ ತೌಡಿನ ಪೊಟ್ಟಣ ಈಗ ಅಡುಗೆಮನೆಯಲ್ಲಿ ಕೂತಿದೆ, ಹುಳ ಬೀಳುವ ಮುಂಚೆ ಯಾರಿಗಾದರೂ ಕೊಡಬೇಕು. ಹೇಳಿ ಹೋಗುವ ಅಭ್ಯಾಸ ಅವಳಿಗೆ ಮೊದಲಿಂದಲೂ ಇರಲಿಲ್ಲ ಅಂತ ಬೈಯಲು ಹೋಗುತ್ತೇನೆ... ಆ ಸೋಮವಾರ ನಾನಾದರೂ ಅವಳಿಗೆ ಹೇಳಿದ್ದೆನೇ?