ಮೆಲ್ಲಗೆ ಉರುಳುವ ಮರದ ಗಾಡಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಕೂತ ಹಿರಿಯರೊಬ್ಬರು ಅಂಗೈಯಷ್ಟೇ ಉದ್ದದ ಲಾರಿಯೊಂದನ್ನು ಮೊಣಕಾಲುಗಳ ನಡುವೆ ಹಿಡಿದು, ಅದರ ಹಿಂಬಾಗಿಲನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾರೆ. ಉಜ್ಜುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಉಜ್ಜುತ್ತಾರೆ. ಲಾರಿಯ ಮೈ ಹಣ್ಣಿನ ಪೆಟ್ಟಿಗೆಯ ಹಲಗೆ, ಚಕ್ರದ ಅಚ್ಚು ಮುರಿದ ಕೊಡೆಯ ಕಡ್ಡಿ, ದೀಪಗಳು ಹಳೇ ಅಂಗಿಯ ಗುಂಡಿಗಳು. "ಚಿಲಕ ಭದ್ರ ಇರ್ಬೇಕು ನೋಡಿ. ದಾರೀಲಿ ಬಾಗಿಲು ತೆರ್ಕೊಂಡ್ರೆ ಮಾನ ಹೋಗುತ್ತೆ" ಅನ್ನುತ್ತಾರೆ.

ಆಟದ ಲಾರಿಗೆ ಎಂಥ ಮಾನ ಎಂದು ನಗುವವರಿಗೆ ಇವರ ಪೂರ್ವಾಶ್ರಮ ಗೊತ್ತಿಲ್ಲ. ಕೆಲಸದಿಂದ ನಿವೃತ್ತರಾಗುವವರೆಗೂ ಇವರು ಓಡಿಸಿದ್ದು ಶವ ಸಾಗಿಸುವ ವ್ಯಾನು. ಬೀದಿಯವರು ಇಟ್ಟ ಹೆಸರು ಕೊನೇಗಾಡಿ. "ಬಸ್ಸು ತಪ್ಪುತ್ತೆ, ರೈಲು ತಪ್ಪುತ್ತೆ. ನನ್ನ ಗಾಡಿ ಮಾತ್ರ ಯಾರಿಗೂ ತಪ್ಪಿಲ್ಲ" ಎಂದು ತಾವೇ ಮೊದಲು ನಗುತ್ತಾರೆ. ಬೇರೆಯವರಿಗಿಂತ ಮುಂಚೆ ನಕ್ಕುಬಿಡುವುದು ಅವರಿಗೆ ರೂಢಿಯಾಗಿದೆ.

ಮರದ ಹುಚ್ಚು ಹತ್ತಿದ್ದು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ. ಶವ ಹೊರಗೆ ಬರುವವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಬೇರೆ ಡ್ರೈವರುಗಳು ಗುಂಪು ಕಟ್ಟಿ ಟೀ ಕುಡಿಯುತ್ತಿದ್ದರು, ಇವರನ್ನು ಕರೆಯುತ್ತಿರಲಿಲ್ಲ. ಹೊತ್ತು ಹೋಗಲೆಂದು ಚಾಕು ಹಿಡಿದು ಮರದ ಚೂರು ಕೆತ್ತಲು ಕೂತರು, ಅದೊಂದು ಜೀಪಾಯಿತು. ಆಮೇಲೆ ಬಸ್ಸು, ಟ್ರ್ಯಾಕ್ಟರು, ಬೆಂಕಿ ಆರಿಸುವ ಗಾಡಿ. ಕೈ ಕೂರುವವರೆಗೆ ಬೆರಳು ಕೊಯ್ದುಕೊಂಡಿದ್ದಕ್ಕೆ ಲೆಕ್ಕವಿಲ್ಲ. ತಾವು ಓಡಿಸಿದ ವ್ಯಾನನ್ನು ಮಾತ್ರ ಇಂದಿಗೂ ಮಾಡಿಲ್ಲ.

ಈ ಗಾಡಿಗಳಿಗೆ ಒಂದು ಊನವಿದೆ. ಅವು ಓಡುವುದಿಲ್ಲ. ನೂಕಿದರೆ ಮೆಲ್ಲಗೆ ಉರುಳಿ, ಒಂದಿಷ್ಟೂ ಕುಲುಕದೆ ನಿಲ್ಲುತ್ತವೆ. ಅಚ್ಚನ್ನು ಬಿಗಿಯಾಗಿ ಕೂರಿಸುವುದು ಇವರ ಅಭ್ಯಾಸ. ಇದ್ದೊಬ್ಬ ಮಗಳು ವಾರವೆಲ್ಲ ಬಟ್ಟೆಯಂಗಡಿಯಲ್ಲಿ ದುಡಿದು, ಭಾನುವಾರ ಉದ್ಯಾನದ ಗೇಟಿನ ಬಳಿ ಚಾಪೆ ಹಾಸಿ ಇವನ್ನು ಮಾರುತ್ತಾಳೆ. "ಅಪ್ಪಾ, ಮಕ್ಕಳಿಗೆ ಸುಯ್ಯಂತ ಓಡ್ಬೇಕು. ಸ್ವಲ್ಪ ಸಡಿಲ ಮಾಡು" ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿದೆ. ಸಡಿಲ ಮಾಡುತ್ತೇನೆ ಎನ್ನುತ್ತಾರೆ. ಕೈ ಕೇಳಬೇಕಲ್ಲ! "ಹಿಂದೆ ಮಲಗಿರೋರಿಗೆ ಅಲುಗಾಡಬಾರ್ದು ಅಂತ ಓಡಿಸಿ ಓಡಿಸಿ ಹೀಗಾಗಿದೆ" ಎಂದು ಒಪ್ಪಿಕೊಳ್ಳುತ್ತಾರೆ.

ಮಾಡಿದವರು ಯಾರೆಂದು ಮಗಳು ಗಿರಾಕಿಗಳಿಗೆ ಹೇಳುವುದಿಲ್ಲ. ತಮ್ಮ ಗಾಡಿಯನ್ನು ಮಗುವೊಂದು ಆಡಿಸುವುದನ್ನು ತಂದೆ ಕಣ್ಣಾರೆ ಕಂಡಿರಲೇ ಇಲ್ಲ. ಆಸೆ ತಡೆಯದೆ ಹೋದ ಭಾನುವಾರ ಉದ್ಯಾನಕ್ಕೆ ಹೋಗಿ ದೂರದ ಬೆಂಚಿನ ಮೇಲೆ ಕೂತರು. ಒಬ್ಬ ಹುಡುಗಿ ಬಸ್ಸನ್ನು ನೂಕಿ, "ಇದು ಓಡಲ್ವಲ್ಲ" ಅಂದಳು. ಇವರಿಂದ ಕೂತಿರಲು ಆಗಲಿಲ್ಲ. ಹೋಗಿ ನೆಲಕ್ಕೆ ಮಂಡಿಯೂರಿ, "ಹೀಗೆ ಕಂದಾ, ಒಳಗೆ ಜನ ನಿದ್ದೆ ಮಾಡ್ತಿದಾರೆ ಅಂದ್ಕೊಂಡು ನೂಕು" ಎಂದು ತೋರಿಸಿದರು. ಹುಡುಗಿ ಉಸಿರು ಬಿಗಿಹಿಡಿದು ನೂಕಿದಳು. ಬಸ್ಸು ಸಾಗಿತು, ಅವಳು ನಕ್ಕಳು.

ಅಷ್ಟರಲ್ಲಿ ಹುಡುಗಿಯ ಅಜ್ಜಿ ಇವರ ಮುಖ ನೋಡಿದರು. "ನಮ್ಮನೆಯವ್ರನ್ನ ತಗೊಂಡು ಹೋದೋನು ಇವನೇ" ಎಂದವರೇ ಬಸ್ಸನ್ನು ಕಿತ್ತು ಚಾಪೆಗೆ ಹಾಕಿ, ಮಗುವಿನ ಎರಡೂ ಕೈ ಒರೆಸಿ ಎಳೆದುಕೊಂಡು ಹೋದರು. ಸುತ್ತ ನಿಂತವರು ಒಬ್ಬೊಬ್ಬರಾಗಿ ಕರಗಿದರು. "ಇನ್ಮೇಲೆ ನೀನು ಅಲ್ಲಿಗೆ ಬರ್ಬೇಡಪ್ಪಾ" ಎಂದು ಹೇಳಿದ ಮಗಳೇ ದಾರಿಯುದ್ದಕ್ಕೂ ಅತ್ತಳು. ಇವರು ಅಳಲಿಲ್ಲ. ಆ ರಾತ್ರಿ ಊಟ ಮಾತ್ರ ಸೇರಲಿಲ್ಲ.

ಈ ಲೇಖನದ ಬಗ್ಗೆಯೂ ಮಗಳಿಗೆ ಭಯವಿದೆ. ಇರುವುದೊಂದು ಚಾಪೆಯ ಜಾಗ, ಅದೂ ಹೋದರೆ ಅಪ್ಪನ ಗಾಡಿಗಳನ್ನು ಎಲ್ಲಿಟ್ಟು ಮಾರುವುದು? ಟೀ ತಂದಿಟ್ಟು, ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ಡ್ರೈವರ್ ಆಗಿದ್ರು ಅಂತಷ್ಟೇ ಬರೀರಿ ಸರ್. ಯಾವ ಗಾಡಿ ಅಂತ ಯಾಕೆ ಬೇಕು?"

ಉಜ್ಜುವ ಕೈ ನಿಲ್ಲುತ್ತದೆ. ತಂದೆ ಲಾರಿಯನ್ನು ಪಕ್ಕಕ್ಕಿಡುತ್ತಾರೆ. ಮಗಳ ಕಡೆ ನೋಡುತ್ತಾರೆ, ಅವಳು ತಲೆ ತಗ್ಗಿಸುತ್ತಾಳೆ.

"ಇಲ್ಲಮ್ಮ, ಬರೀಲಿ" ಅನ್ನುತ್ತಾರೆ. "ಕದ್ದು ಮಾಡಿದ ಕೆಲಸ ಅಲ್ಲ ಅದು. ಅಷ್ಟು ಜನರನ್ನ ಕರ್ಕೊಂಡು ಹೋದೆ, ಒಬ್ಬರನ್ನೂ ಕುಲುಕಿಸಿಲ್ಲ. ಇದನ್ನ ಓದಿದ ಮೇಲೂ ಯಾರಾದ್ರೂ ಒಬ್ಬರು ಮಗೂನ ಕರ್ಕೊಂಡು ಬಂದು, ನನ್ನ ಕೈಯಿಂದಾನೇ ಗಾಡಿ ಇಸ್ಕೊಂಡ್ರೆ ಸಾಕು."