ಶಹರ್ಬಾನು ಬಂದೂಕಿಗೆ ಅಳತೆ ತೆಗೆದದ್ದು

ಆರ್.ಟಿ. ನಗರದಲ್ಲಿ ಒಂದು ಭುಜ ತಗ್ಗಿರುವವರು, ಬೆನ್ನು ಬಾಗಿದವರು, ಹೆರಿಗೆಯಾದ ಮೇಲೆ ಯಾವ ರವಿಕೆಯೂ ಕೂರದೆ ಸೋತುಹೋದವರು ಕೊನೆಗೆ ಬಂದು ಸೇರುವುದು ಶಹರ್ಬಾನುವಿನ ಅಂಗಡಿಗೆ. ಕನ್ನಡಿಯ ಮುಂದೆ ನಿಂತು ನನ್ನ ಮೈಯೇ ಸರಿಯಿಲ್ಲ ಎಂದು ಅವರು ರಾಗ ತೆಗೆದರೆ ಅವಳಿಗೆ ರೇಗುತ್ತಿತ್ತು. ಮೈಯಲ್ಲಿ ಯಾವತ್ತೂ ತಪ್ಪಿರುವುದಿಲ್ಲ, ತಪ್ಪೆಲ್ಲ ಹೊಲಿಗೆಯದು, ಸುಮ್ಮನೆ ಕೈ ಎತ್ತಿ ನಿಂತುಕೊಳ್ಳಿ ಎಂದು ಗದರಿಸಿ ಟೇಪು ಹಿಡಿಯುತ್ತಿದ್ದಳು. ಗದರಿಸಿಕೊಂಡವರು ಮತ್ತೆ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಅವಳು ಹೊಲಿದದ್ದನ್ನು ತೊಟ್ಟರೆ ತಗ್ಗಿದ ಭುಜ ತಗ್ಗಿದಂತೆ ಕಾಣುತ್ತಿರಲಿಲ್ಲ.

ಇಂಥವಳ ಕೈಗೆ ಬಂದೂಕು ಬಂದದ್ದು ಮಗಳ ದೆಸೆಯಿಂದ. ಅಫ್ರೀನ್ ಕಾಲೇಜಿನಲ್ಲಿದ್ದಾಗ ಏರ್ ರೈಫಲ್ ಕಲಿಯುತ್ತೇನೆಂದು ಹಟ ಹಿಡಿದಳು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಶೀಟು ಹೊದಿಸಿದ ಉದ್ದನೆಯ ಶೆಡ್ಡಿನಲ್ಲಿ ಒಂದು ಶೂಟಿಂಗ್ ರೇಂಜ್ ಇತ್ತು. ಗಂಡಸರೇ ಹೆಚ್ಚಿರುವ ಜಾಗ ಎಂದು ತಾಯಿ ಕಾವಲಿಗೆ ಹೊರಟಳು. ಮೂಲೆಯ ಕುರ್ಚಿಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದವಳು ಒಂದು ದಿನ ಖಾಲಿ ಇದ್ದ ಲೇನಿನಲ್ಲಿ ನಿಂತು ಹೊಡೆದು ನೋಡಿದಳು. ಗುಂಡು ಕಾಗದದ ಕಪ್ಪು ಚುಕ್ಕಿಯೊಳಗೇ ಹೋಗಿ ಕೂತಿತು. ಮಗಳ ಹುಚ್ಚು ಮಳೆಗಾಲ ಮುಗಿಯುವಷ್ಟರಲ್ಲಿ ಇಳಿಯಿತು, ತಾಯಿಯದು ಇಳಿಯಲೇ ಇಲ್ಲ. ಭಾನುವಾರ ಬೆಳಿಗ್ಗೆ ಶಹರ್ಬಾನು ಎಲ್ಲಿ ಎಂದು ಯಾರಾದರೂ ಕೇಳಿದರೆ, ಅಫ್ರೀನ್ ನಗುತ್ತ, ಅಮ್ಮಿ ಡ್ಯೂಟಿಗೆ ಹೋಗಿದ್ದಾರೆ ಎನ್ನುತ್ತಿದ್ದಳು.

ಆಮೇಲೆ ಕಾಯಿಲೆ ಬಂತು. ಎಡ ಎದೆಯನ್ನು ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ಆ ಕೈಯಲ್ಲಿ ಭಾರ ಹೊರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮತ್ತೆ ಹೊಲಿಗೆ ಮಿಷಿನ್ನಿನ ಮುಂದೆ ಕೂತ ದಿನ ಶಹರ್ಬಾನು ಮೊದಲು ಹೊಲಿದದ್ದು ತನಗಾಗಿ, ಒಂದು ಪುಟ್ಟ ಮೆತ್ತೆ. ಮೆದು ಬಟ್ಟೆ, ಒಳಗೆ ಹತ್ತಿ, ತೂಕ ಬರಲೆಂದು ಒಂದಿಷ್ಟು ಸಾಸಿವೆ. ಅದನ್ನು ಒಳಗಿಟ್ಟು ಕಮೀಜ್ ತೊಟ್ಟರೆ ಯಾರ ಕಣ್ಣಿಗೂ ಏನೂ ತಿಳಿಯುತ್ತಿರಲಿಲ್ಲ. ಮಗಳನ್ನು ಬಿಟ್ಟು ಊರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: ಭುಜ ಹಿಡಿದುಕೊಂಡಿದೆ.

ರೇಂಜನ್ನು ಮಾತ್ರ ಬಿಡಲಾಗಲಿಲ್ಲ. ಆಸ್ಪತ್ರೆಯಲ್ಲಿ ಕಿರಣ ಕೊಡುವ ಯಂತ್ರದ ಕೆಳಗೆ ಒಬ್ಬಳೇ ಮಲಗಿ ಉಸಿರು ಬಿಗಿಹಿಡಿದ ದಿನಗಳಲ್ಲಿ ಅವಳು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದದ್ದು ಆ ಕಪ್ಪು ಚುಕ್ಕಿಯನ್ನೇ. ಅಲ್ಲಿ ನಿಂತಾಗ ಅವಳು ರೋಗಿಯಲ್ಲ, ಯಾರ ತಾಯಿಯೂ ಅಲ್ಲ. ಆದರೆ ಹಳೆಯ ಉದ್ದ ಬಂದೂಕಿನ ಭಾರವೆಲ್ಲ ಮುಂದಿತ್ತು. ಎತ್ತಿದರೆ ಎಡಗೈ ನಡುಗಿ ಕೆಳಗೆ ಬರುತ್ತಿತ್ತು.

ಬಂದೂಕಿನ ಅಂಗಡಿಯ ನಾಗೇಶ್ ಅವಳ ಕಷ್ಟ ಕೇಳಿ ಒಳಗಿನ ಕಪಾಟಿನಿಂದ ಎರಡು ಗಿಡ್ಡ ಬಂದೂಕುಗಳನ್ನು ತಂದಿಟ್ಟ. ಬುಲ್‌ಪಪ್ ಎಂದು ಅವುಗಳ ಹೆಸರು. ಗುಂಡು ತುಂಬುವ ಭಾಗವೆಲ್ಲ ಟ್ರಿಗರಿನ ಹಿಂದೆ, ಕೆನ್ನೆಯ ಪಕ್ಕಕ್ಕೇ ಬಂದುಬಿಡುವುದರಿಂದ ನಳಿಕೆ ಸಾಕಷ್ಟು ಇದ್ದರೂ ಬಂದೂಕು ಒಂದೂವರೆ ಮೊಳವಷ್ಟೇ. ಒಂದು ಪ್ಲಾಸ್ಟಿಕ್ಕಿನದು, ಹಗುರ. ಇನ್ನೊಂದು ಮರದ್ದು, ಭಾರ. ಹಗುರದ್ದನ್ನೇ ತಗೊಳ್ಳಿ ಎಂದು ಅವನು ಒತ್ತಾಯ ಮಾಡಿದ. ಶಹರ್ಬಾನು ಕತ್ತರಿ ಆರಿಸುವಾಗ ಮಾಡುವಂತೆ ಎರಡನ್ನೂ ಕೈಯಲ್ಲಿ ತೂಗಿದಳು, ಬಲ ಭುಜಕ್ಕೆ ಆನಿಸಿ ಎಡಗೈ ಬಿಟ್ಟು ನೋಡಿದಳು. ಹಗುರದ್ದು ಮೂತಿ ಮುಂದೆ ಮಾಡಿ ಬಾಗಿತು. ಭಾರದ್ದು ಭುಜದ ಮೇಲೆ ಬೆಕ್ಕಿನಂತೆ ಕೂತಿತು. ಭಾರದ್ದನ್ನೇ ತಂದಳು.

ಮನೆಗೆ ತಂದ ಮೇಲೆ ಅದಕ್ಕೂ ಅಳತೆ ತೆಗೆಯುವ ಕೆಲಸ ಶುರುವಾಯಿತು. ಗುರಿ ನೋಡಲು ಅಂಗಡಿಯವರು ಕೊಟ್ಟ ದಪ್ಪನೆಯ ದುರ್ಬೀನು ತೆಗೆಸಿ ಸಣ್ಣದು ಹಾಕಿಸಿದಳು. ಕೆನ್ನೆ ಊರುವ ಕಡೆ ಮರ ಗಲ್ಲಕ್ಕೆ ಚುಚ್ಚುತ್ತಿತ್ತು, ಕೋಟಿನ ಭುಜಕ್ಕೆ ಹಾಕುವ ಫೆಲ್ಟನ್ನು ಪದರ ಪದರವಾಗಿ ಕತ್ತರಿಸಿ ಮೇಲೆ ಚರ್ಮ ಹೊಲಿದಳು. ಎಡಗೈ ಹಿಡಿಯುವಲ್ಲಿ ಅಂಗೈಗೆ ಹೊಂದುವ ಮರದ ಗುಬುಟು ಕೂರಿಸಿದಳು. ಉದ್ದ ಬಂದೂಕಿನಲ್ಲಿ ಎಡ ಮೊಣಕೈ ಸೊಂಟದ ಮೂಳೆಗೆ ಊರುತ್ತಿತ್ತು. ಇದು ಗಿಡ್ಡ, ಕೈ ಹಿಂದಕ್ಕೆ ಬರಬೇಕು, ಹಾಗಾಗಿ ತೋಳು ಮಡಚಿ ಎದೆಗೆ ಒತ್ತಿಕೊಳ್ಳುತ್ತಿತ್ತು. ಒಳ್ಳೆಯ ಆಸರೆ ಸಿಕ್ಕಿತು ಎಂದು ಅವಳಿಗೆ ಖುಷಿಯೇ ಆಯಿತು.

ರೇಂಜಿನಲ್ಲಿ ಆ ಖುಷಿ ಉಳಿಯಲಿಲ್ಲ. ಮೊದಲ ಗುಂಡು ನೆಟ್ಟಗೆ ಹೋಗುತ್ತಿತ್ತು, ಆಮೇಲೆ ನಳಿಕೆ ತಾನಾಗಿ ಕೆಳಗಿಳಿಯುತ್ತಿತ್ತು. ಒಂದು ಭಾನುವಾರ ಟ್ರಿಗರ್ ಒತ್ತುವ ಹೊತ್ತಿಗೇ ಇಳಿದು, ಗುಂಡು ಸಿಮೆಂಟು ನೆಲಕ್ಕೆ ಬಡಿದು ಹಾರಿ ಪಕ್ಕದ ತಗಡಿಗೆ ಠಣ್ಣೆಂದು ಬಿತ್ತು. ಪಕ್ಕದ ಲೇನಿನ ಕಾಲೇಜು ಹುಡುಗಿ ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು ಎಂಬುದು ಎಲ್ಲರ ಮುಖದಲ್ಲೂ ಇತ್ತು.

ರೇಂಜ್ ನೋಡಿಕೊಳ್ಳುವ ನರಸಿಂಹಯ್ಯ ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ನಿಯಮ. ಅವಳನ್ನು ಪಕ್ಕಕ್ಕೆ ಕರೆದರು.

"ಬಾನು ಅವ್ರೇ, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ಭಾನುವಾರ ನನ್ ಎದುರಿಗೆ ಐದ್ ಗುಂಡು ಹೊಡೀರಿ. ಒಂದ್ ಸಲ ಇಳಿದ್ರೆ ಎಚ್ಚರಿಕೆ. ಎರಡ್ನೇ ಸಲ ಇಳಿದ್ರೆ ಲೇನ್ ಬೇರೆಯವ್ರಿಗೆ ಕೊಟ್ಬಿಡ್ತೀನಿ. ಭುಜ ಆಗಲ್ಲ ಅಂದ್ರೆ ಆಗಲ್ಲ ಕಣ್ರೀ, ಅದ್ರಲ್ಲಿ ತಪ್ಪೇನಿಲ್ಲ."

ಅದರಲ್ಲಿ ತಪ್ಪೇನಿಲ್ಲ ಎಂಬ ಮಾತೇ ಅವಳನ್ನು ಸುಟ್ಟದ್ದು. ಆ ವಾರವೆಲ್ಲ ಗಿರಾಕಿಗಳ ರವಿಕೆಗಳು ಗಂಟು ಕಟ್ಟಿದಂತೆಯೇ ಉಳಿದವು. ಫೆಲ್ಟಿನ ಒಂದು ಪದರ ತೆಗೆದಳು, ಮತ್ತೆ ಹಾಕಿದಳು. ಗುಬುಟನ್ನು ಹಿಂದೆ ಸರಿಸಿದಳು. ಹಿಂಬದಿಗೆ ಇನ್ನಷ್ಟು ತೂಕ ಬರಲೆಂದು ಸೀಸದ ತುಂಡುಗಳನ್ನು ಚೀಲದಲ್ಲಿ ಹೊಲಿದು ಕಟ್ಟಿದಳು. ರಾತ್ರಿ ಕೆಲಸ ಮುಗಿಸಿ, ಮೆತ್ತೆ ತೆಗೆದಿಟ್ಟು, ಸಡಿಲವಾದ ನೈಟಿ ತೊಟ್ಟು, ಗುಂಡಿಲ್ಲದ ಬಂದೂಕನ್ನು ಎತ್ತಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದರೆ ನಳಿಕೆ ಅಲ್ಲಾಡುತ್ತಿರಲಿಲ್ಲ. ಮನೆಯಲ್ಲಿ ಇಷ್ಟು ಸರಿಯಾಗಿ ನಿಲ್ಲುವುದು ಅಲ್ಲಿ ಯಾಕೆ ಇಳಿಯುತ್ತದೆ? ಕೊನೆಗೆ ಅವಳಿಗೆ ಉಳಿದ ಉತ್ತರ ಒಂದೇ: ಹೆದರಿಕೆ. ತಾನು ಒಳಗೇ ಮುರಿದುಹೋಗಿದ್ದೇನೆ ಎನ್ನಿಸಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಫ್ರೀನ್ ನೋಡಿ ನೋಡಿ ಸಾಕಾಗಿ ಒಂದು ಸಂಜೆ ಹೇಳಿಯೇಬಿಟ್ಟಳು. "ಅಮ್ಮೀ, ಬದುಕಿ ಉಳಿದಿದ್ದೀಯಲ್ಲ, ಅಷ್ಟು ಸಾಲದಾ ನಿನಗೆ?"

ಶಹರ್ಬಾನು ಸೂಜಿಗೆ ದಾರ ಪೋಣಿಸುತ್ತ, ಸಾಲದು ಎಂದಳು. ಮನೆಯ ಉರ್ದುವಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. 

ಭಾನುವಾರ ಮಗಳೂ ಜೊತೆಗೆ ಹೊರಟಳು. ತಾಯಿಯನ್ನು ಅಲ್ಲಿಂದ ಒಬ್ಬಳೇ ವಾಪಸು ಬರಲು ಬಿಡಬಾರದು ಎಂಬುದು ಅವಳ ಲೆಕ್ಕ. ಬಸ್ಸಿನಲ್ಲಿ ಹೆಬ್ಬಾಳ ದಾಟುವವರೆಗೂ ಶಹರ್ಬಾನು ಬಂದೂಕಿನ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದಳು. 

ರೇಂಜಿನ ನಿಯಮದಂತೆ ಬುರ್ಕಾವನ್ನೂ ಕೈಚೀಲವನ್ನೂ ಬಾಗಿಲ ಬಳಿಯ ಗೂಟಕ್ಕೆ ಹಾಕಿದಳು. ಜೋತಾಡುವ ಬಟ್ಟೆ ಲೇನಿನಲ್ಲಿ ಇರಕೂಡದು. ತಲೆಗೆ ಬಿಗಿದ ಬಟ್ಟೆ, ಮೈಗೆ ತಾನೇ ಹೊಲಿದ ಅಚ್ಚುಕಟ್ಟಾದ ಕಮೀಜ್. ನರಸಿಂಹಯ್ಯ ಪಕ್ಕದಲ್ಲಿ ಬಂದು ಕೈಕಟ್ಟಿ ನಿಂತರು. ಬೇರೆ ಲೇನುಗಳವರೂ ತಮ್ಮ ಬಂದೂಕು ಇಳಿಸಿ ನೋಡತೊಡಗಿದರು. ಅಫ್ರೀನ್ ಆ ಹಳೆಯ ಮೂಲೆ ಕುರ್ಚಿಯಲ್ಲಿ ಕೂತಳು. ಕಾವಲು ಈಗ ಅದಲುಬದಲಾಗಿತ್ತು.

ಮೊದಲ ಗುಂಡು ಚುಕ್ಕಿಯ ಅಂಚಿಗೆ ಬಿತ್ತು. ಎರಡನೆಯದಕ್ಕೆ ಎತ್ತಿದಳು, ಕೆನ್ನೆ ಊರಿದಳು, ಉಸಿರು ಬಿಟ್ಟು ಹಿಡಿದಳು. ಚುಕ್ಕಿ ದುರ್ಬೀನಿನ ನಡುವೆ ಬಂತು, ನಿಂತಿತು, ಆಮೇಲೆ ಮೆಲ್ಲಗೆ ಮೇಲಕ್ಕೆ ಜಾರತೊಡಗಿತು. ಅಂದರೆ ನಳಿಕೆ ಇಳಿಯುತ್ತಿದೆ. ಎಷ್ಟು ಬಿಗಿಹಿಡಿದರೂ ಕೈಯ ಆಸರೆ ಕಾಲಡಿಯ ಮರಳಿನ ಹಾಗೆ ಒಳಗೊಳಗೇ ಕುಸಿಯುತ್ತಿತ್ತು. ಟ್ರಿಗರ್ ಒತ್ತದೆ ಬಂದೂಕನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಇಳೀತು," ಎಂದರು ನರಸಿಂಹಯ್ಯ. ಅವರ ದನಿಯಲ್ಲಿ ಸಂಕಟವಿತ್ತು. "ಇನ್ನೊಂದೇ ಸಲ ಬಾನು ಅವ್ರೇ."

ಶಹರ್ಬಾನು ದಿನಕ್ಕೆ ಹತ್ತಾರು ಸಲ ಮಾಡುವ ಅಭ್ಯಾಸದಂತೆ, ಬೆವರು ಒರೆಸಿಕೊಳ್ಳುವ ನೆಪದಲ್ಲಿ, ಮಣಿಕಟ್ಟಿನಿಂದ ಎಡಗಡೆಯ ಮೆತ್ತೆಯನ್ನು ಮೆಲ್ಲಗೆ ಜಾಗಕ್ಕೆ ಒತ್ತಲು ಹೋದಳು. ಅದು ಜಾಗದಲ್ಲಿರಲಿಲ್ಲ. ಸರಿದು ಕೊರಳೆಲುಬಿನ ಕಡೆ ಹೋಗಿತ್ತು. ಸಾಸಿವೆಯೆಲ್ಲ ಒಂದು ಮಗ್ಗುಲಿಗೆ ಹರಿದು, ತೋಳು ಒತ್ತಿದ ಕಡೆ ಗುಳಿ ಬಿದ್ದಿತ್ತು.

ರಾತ್ರಿ ಮನೆಯಲ್ಲಿ ಗುರಿ ಹಿಡಿಯುವಾಗ ಇದು ಮೈಮೇಲೆ ಇರುತ್ತಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಫೆಲ್ಟು, ಗುಬುಟು, ಸೀಸದ ಚೀಲ. ಇಡೀ ವಾರ ಬಂದೂಕನ್ನು ಬಿಚ್ಚಿದ್ದಾಯಿತು, ಕಟ್ಟಿದ್ದಾಯಿತು. ಅದು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು. ಅವಳ ಕೈಯೂ ಸರಿಯಾಗಿತ್ತು, ಎದೆಯೊಳಗಿನ ಧೈರ್ಯವೂ ಎಲ್ಲೂ ಹೋಗಿರಲಿಲ್ಲ. ತಪ್ಪು ಹೊಲಿಗೆಯಲ್ಲೇ ಇತ್ತು, ತನ್ನದೇ ಹೊಲಿಗೆಯಲ್ಲಿ.

"ಸಾರ್, ಒಂದ್ ನಿಮಿಷ," ಎಂದು ಹೇಳಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಮೆತ್ತೆ ತೆಗೆಯುವುದು ಕ್ಷಣದ ಕೆಲಸ. ತೆಗೆದ ಮೇಲೆ ಕನ್ನಡಿ ನೋಡಿದಳು. ಕಮೀಜ್ ಎಡಗಡೆ ಸುಕ್ಕಾಗಿ ಚಪ್ಪಟೆಯಾಗಿ ಬಿದ್ದಿತ್ತು, ಕುರುಡನಿಗೂ ಗೊತ್ತಾಗುವಂತೆ.  ಭುಜ ಆಗುತ್ತಿಲ್ಲ ಸಾರ್, ಬಿಟ್ಟುಬಿಡುತ್ತೇನೆ ಎಂದರೆ ಮುಗಿಯಿತು. ಎಲ್ಲರೂ ಮರುಕದಿಂದ ಕಳಿಸಿಕೊಡುತ್ತಾರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಹೊರಗೆ ಅಷ್ಟು ಜನ ಗಂಡಸರು. ಆ ಕಾಲೇಜು ಹುಡುಗಿ ಬೇರೆ. ನಾಚಿಕೆಯಿಂದ ಅವಳ ಕಿವಿ ಕಾದುಹೋಯಿತು, ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷ ಎಷ್ಟು ಹೆಂಗಸರನ್ನು ಕನ್ನಡಿ ಮುಂದೆ ನಿಲ್ಲಿಸಿ ಗದರಿಸಿದ್ದಾಳೆ. ಕೈ ಎತ್ತಿ ನಿಂತುಕೊಳ್ಳಿ ಎಂದಾಗ ಅವರಿಗೆಲ್ಲ ಹೀಗೇ ಆಗಿತ್ತೇನೋ.

ಚಿಲಕ ತೆಗೆದಳು. ಮೆತ್ತೆ ಎಲ್ಲಿಡುವುದು? ಕಂಡವರಿಗೆಲ್ಲ ಜೇಬು ಇಟ್ಟುಕೊಡುವವಳ ಕಮೀಜಿಗೆ ಒಂದು ಜೇಬಿರಲಿಲ್ಲ. ಕೈಚೀಲ ಬಾಗಿಲ ಬಳಿ, ಎಲ್ಲರನ್ನೂ ದಾಟಿ ಹೋಗಬೇಕು. ಅದನ್ನು ಕೈಯಲ್ಲೇ ಹಿಡಿದು ನೆಟ್ಟಗೆ ಲೇನಿಗೆ ನಡೆದಳು, ಮೇಜಿನ ಮೇಲೆ ಗುಂಡಿನ ಡಬ್ಬಿಯ ಪಕ್ಕ ಇಟ್ಟಳು.

ಅಫ್ರೀನ್ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ನಿಂತಳು. ಕಾಲೇಜು ಹುಡುಗಿ ನೋಡಿದಳು, ಗೊತ್ತಾಗಿ ತಲೆ ತಗ್ಗಿಸಿದಳು. ನರಸಿಂಹಯ್ಯ ಮೆತ್ತೆಯನ್ನು ನೋಡಿದರು, ಅವಳನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು.

"ರೆಡಿ ಇದ್ರೆ ಶುರು ಮಾಡಿ," ಎಂದರು ಕೊನೆಗೆ.

ಬಂದೂಕು ಎತ್ತಿದಳು. ಎಡತೋಳು ಮಡಚಿ ಎದೆಗೆ ಬಂತು, ಪಕ್ಕೆಯ ಮೂಳೆಗೆ ಊರಿತು. ಹೊಲಿಗೆ ಹಾಕಿದ ಗಾಯದ ಗುರುತಿನ ಮೇಲೇ ಊರಿತು, ಸ್ವಲ್ಪ ನೋವೂ ಆಯಿತು. ಚುಕ್ಕಿ ಬಂದು ನಿಂತಿತು. ಜಾರಲಿಲ್ಲ. ಒತ್ತಿದಳು. ಮತ್ತೆ ತುಂಬಿ ಎತ್ತಿದಳು, ನಿಂತಿತು, ಒತ್ತಿದಳು. ನಾಲ್ಕನೆಯದಕ್ಕೂ ನಳಿಕೆ ಇಳಿಯಲಿಲ್ಲ. ಕೊನೆಯದಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿ ಚುಕ್ಕಿ ಮಸುಕಾಯಿತು. ಅವಸರ ಮಾಡದೆ ಬಂದೂಕು ಇಳಿಸಿ, ಕಣ್ಣು ಒರೆಸಿ, ಮತ್ತೆ ಎತ್ತಿದಳು. ಇಳಿಸಿದ್ದನ್ನು ನರಸಿಂಹಯ್ಯ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಗುಂಡು ಚುಕ್ಕಿಯ ನಟ್ಟನಡುವೆ ಹೋಗಲಿಲ್ಲ, ಪಕ್ಕಕ್ಕೆ ಬಿತ್ತು. ಆದರೆ ಕಾಗದದ ಮೇಲೇ ಬಿತ್ತು.

ನರಸಿಂಹಯ್ಯ ಹೊಗಳಲಿಲ್ಲ. ಮುಂದಿನ ಭಾನುವಾರ ಹೊತ್ತಿಗೆ ಸರಿಯಾಗಿ ಬರಬೇಕು, ತಡವಾದರೆ ಲೇನ್ ಕಾಯುವುದಿಲ್ಲ ಎಂದಷ್ಟೇ ಹೇಳಿ ಬೇರೆಯವರನ್ನು ಗದರಿಸಲು ಹೋದರು.

ಬಸ್ಸು ಹೆಬ್ಬಾಳದ ಮೇಲುಸೇತುವೆ ಹತ್ತಿದಾಗ ಅಫ್ರೀನ್ ತಾಯಿಯ ಬುರ್ಕಾ ಸರಿಪಡಿಸಲು ಹೋದವಳು ಗಾಬರಿಯಾದಳು. ಮೆತ್ತೆ ರೇಂಜಿನ ಮೇಜಿನ ಮೇಲೇ ಉಳಿದಿತ್ತು. ಅಷ್ಟು ಜನರ ನಡುವೆ, ಬಯಲಿಗೆ. ಇಲ್ಲೇ ಇಳಿದು ಆಟೋ ಹಿಡಿದು ತಂದುಬಿಡುತ್ತೇನೆ ಎಂದು ಎದ್ದೇಬಿಟ್ಟಳು.

ಶಹರ್ಬಾನು ಅವಳ ಕೈ ಹಿಡಿದು ಕೂರಿಸಿದಳು.

"ಇರಲಿ ಬಿಡು," ಎಂದಳು. "ಭಾನುವಾರ ಹೋಗ್ತೀನಲ್ಲ."