ವರ್ಷವಿಲ್ಲದ ತಾರೀಖು

ಪುಕ್ಕಲಕ್ಕ ಸೋಮವಾರ ಮಧ್ಯಾಹ್ನ ತೀರಿಕೊಂಡಳು. ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೃದಯ ನಿಂತು.

ಆ ಹೆಸರು ರಕ್ತನಿಧಿಯವರು ಇಟ್ಟದ್ದು. ಅಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ಲಿಫ್ಟ್ ಹತ್ತಲಾರಳು. ಗೆಳತಿಯ ಮನೆಯಿಂದ ಹೊರಟರೆ, ತಲುಪಿದೆ ಎಂದು ಫೋನು ಮಾಡದೆ ಚಪ್ಪಲಿ ಬಿಡಳು. "ನಮ್ಮಕ್ಕ ತನ್ನ ನೆರಳಿಗೂ ಗುರುತಿನ ಚೀಟಿ ಕೇಳ್ತಾಳೆ" ಎಂದು ತಂಗಿ ನಗುತ್ತಿದ್ದಳು.

ಕಂಪ್ಯೂಟರಿಗೆ ತಾರೀಖೆಂದರೆ ಒಂದು ಉದ್ದನೆಯ ಸಂಖ್ಯೆ: 1970ರ ಮೊದಲ ದಿನದಿಂದ ಕಳೆದ ಸೆಕೆಂಡುಗಳ ಎಣಿಕೆ. ಅದನ್ನು ಓದುವಂಥ ತಾರೀಖಾಗಿ ಬದಲಿಸಿ, ಯಾವ ಚೀಲದ ರಕ್ತವನ್ನು ಎಂದಿನವರೆಗೆ ಬಳಸಬಹುದೆಂದು ಪರದೆಗೆ ತರುವುದು ಅವಳ ಪಾಲಿನ ಕೆಲಸ. ರಕ್ತವೇನು ವರ್ಷಗಟ್ಟಲೆ ಬಾಳುತ್ತದೆಯೇ ಎಂದು, ಜಾಗ ಉಳಿಸಲು ಅವಳೇ ವರ್ಷವನ್ನು ತೆಗೆದು ದಿನ, ತಿಂಗಳು ಮಾತ್ರ ಇಟ್ಟಿದ್ದಳು.

ಅಂದು ಬೆಳಿಗ್ಗೆ ಚೀಲಗಳ ವಿವರ ಕಳಿಸುವ ಹೊಸ ಯಂತ್ರ ಶುರುವಾಗಿತ್ತು. ಊಟಕ್ಕೆ ಏಳುವ ಮುಂಚೆ ಅವಳು ಅದರ ಸಂಖ್ಯೆಗಳನ್ನು ನೋಡಿದಳು. ಬಾಲದಲ್ಲಿ ಮೂರು ಅಂಕಿ ಹೆಚ್ಚು. ಯಂತ್ರ ಸೆಕೆಂಡನ್ನಲ್ಲ, ಅದರ ಸಾವಿರದಲ್ಲೊಂದು ಪಾಲನ್ನು ಎಣಿಸುತ್ತಿತ್ತು! ವರ್ಷವನ್ನು ಪರದೆಗೆ ತಂದಳು. ಐವತ್ತೇಳು ಸಾವಿರ ಚಿಲ್ಲರೆ. ಆ ಲೆಕ್ಕದಲ್ಲಿ ಯಾವ ರಕ್ತವೂ ಕೆಡುವುದೇ ಇಲ್ಲ. ಸಾವಿರದಿಂದ ಭಾಗಿಸಿ ನೋಡಿದರೆ, ಒಂದು ಚೀಲದ ಅವಧಿ ಹೋದ ವಾರವೇ ಮುಗಿದಿತ್ತು. ತಪ್ಪು ಲೆಕ್ಕದ ದಿನ, ತಿಂಗಳು ಮಾತ್ರ ಆಕಸ್ಮಿಕವಾಗಿ ಬರುವ ವಾರಕ್ಕೆ ಬಿದ್ದಿದ್ದವು. ಚೀಲದ ಚೀಟಿಯಲ್ಲೂ ಅದೇ ಅಚ್ಚಾಗಿತ್ತು.

"ಆ ಚೀಲ ಎಲ್ಲಿ?"

"ಹೆರಿಗೆ ವಾರ್ಡಿಗೆ ಹೋಯ್ತಲ್ಲಕ್ಕ" ಎಂದ ಟೆಕ್ನಿಷಿಯನ್. "ಯಾಕೆ, ಮತ್ತೆ ದೆವ್ವ ಕಂಡ್ತಾ?"

ವಾರ್ಡಿನಲ್ಲಿ ಫೋನು ಎತ್ತುವವರಿಲ್ಲ. ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಓಡಿದಳು. ನರ್ಸ್ ಚೀಲವನ್ನು ಕೊಕ್ಕೆಗೆ ತೂಗುಹಾಕುತ್ತಿದ್ದಳು.

"ಸಿಸ್ಟರ್, ಹಾಕ್ಬೇಡಿ! ನಿಮ್ಮ ದಮ್ಮಯ್ಯ!"

"ಏನಕ್ಕ ಇದು, ನಾಯಿ ಅಟ್ಟಿಸ್ಕೊಂಡು ಬಂದೋರ ಹಾಗೆ?"

"ಅದರ ಅವಧಿ ಮುಗಿದಿದೆ, ಕೊಡಿ ಇಲ್ಲಿ. ಕೆಳಗೆ ರಕ್ತನಿಧಿಗೆ ಹೇಳಿ, ಹೊಸ ಯಂತ್ರದ ಒಂದು ಚೀಲಾನೂ ಕೊಡಬೇಡಿ ಅಂತ. ಈಗಲೇ ಹೇಳಿ."

ಚೀಲವನ್ನು ಅವುಚಿಕೊಂಡು ಇಳಿಯುವಾಗ ಎದೆ ಹಿಡಿದುಕೊಂಡಿತು. ಗೋಡೆಗೆ ಒರಗಿ ಮೆಟ್ಟಿಲ ಮೇಲೆ ಕುಳಿತಳು. ತಾನು ಬಿದ್ದರೆ ಯಾರೋ ಪುಣ್ಯಾತ್ಮರು ಇದನ್ನೆತ್ತಿ ಮತ್ತೆ ವಾರ್ಡಿಗೇ ಮುಟ್ಟಿಸಿಬಿಟ್ಟರೆ? ಜೇಬಿನಿಂದ ಪೆನ್ನು ತೆಗೆದು, ಚೀಟಿಯ ತಾರೀಖಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಚಿದಳು. ಅಷ್ಟು ಸಾಲದೆಂದು ಚೀಲವನ್ನು ಮಗುಚಿ, ಹಿಂಬದಿಯಲ್ಲೂ "ಬೇಡ" ಎಂದು ಬರೆದಳು.